ಇದಕ್ಕೇನೂ ಆಗಲ್ಲ

ಅವನ ಅಂಗಡಿಗೆ ನಾನು ಮೊದಲ ಸಲ ಹೋದದ್ದು ಜಗಳ ಮಾಡುವುದಕ್ಕೆ. ಬಗಲಲ್ಲಿ ಗಿಟಾರು, ಕತ್ತಿನಲ್ಲಿ ಆಸ್ಪತ್ರೆಯ ಐಡಿ ಕಾರ್ಡು, ಬಿಚ್ಚಿಡಲು ಪುರುಸೊತ್ತಿಲ್ಲದೆ ಹಾಗೇ ಹಾಕಿಕೊಂಡು ಬಂದ ಬಿಳಿ ಕೋಟು. ಊಟದ ಬಿಡುವು ಅರ್ಧ ಗಂಟೆ. ಹೋಗಿ ಬರಲು ಇಪ್ಪತ್ತು ನಿಮಿಷ ಬೇಕು. ಬೈಯಲು ಉಳಿದದ್ದು ಹತ್ತೇ ನಿಮಿಷ.

ಅವನು ಒಂದು ಪಿಟೀಲಿನ ಅಂಚಿಗೆ ಅಂಟು ಹಚ್ಚುತ್ತ ಕೂತಿದ್ದ. ತಲೆ ಎತ್ತದೆಯೇ, "ಒಂದ್ನಿಮಿಷ ಕೂತ್ಕೊಳ್ಳಿ, ಅಂಟು ಒಣಗಿಬಿಡತ್ತೆ" ಎಂದ.

"ಕೂರಕ್ಕೆ ಬಂದಿಲ್ಲ. ಈ ಗಿಟಾರ್ ರಿಪೇರಿ ಮಾಡಿದ್ದು ನೀವೇನಾ?"

ಆಗ ತಲೆ ಎತ್ತಿದ. ಗಿಟಾರನ್ನು ಕಂಡದ್ದೇ ಅವನ ಮುಖ ಅರಳಿತು. ಬೈಸಿಕೊಳ್ಳಬೇಕಾದವನು ಹಾಗೆ ಅರಳಿ ನಿಂತರೆ ಬೈಯುವವರಿಗೆ ಬಹಳ ಕಷ್ಟ.

"ನಾನೇ. ನಿಮ್ಮ ಆಸ್ಪತ್ರೆ ಆಯಾ ತಂದುಕೊಟ್ಟಿದ್ರು. ತಂತಿ ಬಿಗಿ ಮಾಡೋ ಬಿರಡೆ ಒಂದು ಮುರಿದಿತ್ತು, ಅಷ್ಟೇ. ಆದ್ರೆ ತಂತಿ ಪೂರ್ತಿ ಕೆಳಗಿಳಿದು, ಎಲ್ಲಿ ಒತ್ತಿದ್ರೂ ಜರ್ರ್ ಅಂತಿತ್ತು. ಕೇಳಕ್ಕಾಗ್ಲಿಲ್ಲ ನನ್ನ ಕೈಲಿ. ತಂತಿ ಕೂರೋ ಬ್ರಿಡ್ಜ್ ಮೇಲಿನ ಪಟ್ಟಿ ಹೊಸದಾಗಿ ಕೆತ್ತಿ ಹಾಕ್ದೆ, ತಂತಿ ಎತ್ತರಿಸ್ದೆ. ಈಗ ನುಡಿಸಿ ನೋಡಿ, ಒಂದೇ ಒಂದು ಸ್ವರ ಜರ್ರ್ ಅನ್ನಲ್ಲ."

"ಅದೇ ನನ್ನ ತಕರಾರು."

"ಯಾವುದು?"

"ಜರ್ರ್ ಅನ್ನಲ್ವಲ್ಲ, ಅದು."

ಇವಳಿಗೆ ತಲೆ ನೆಟ್ಟಗಿದೆಯೋ ಇಲ್ಲವೋ ಎಂಬಂತೆ ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ನೋಡುವಾಗ ಐಡಿ ಕಾರ್ಡಿನ ಮೇಲಿದ್ದ 'ಫಿಸಿಯೋಥೆರಪಿ' ಎಂಬ ಪದದಲ್ಲಿ ಕಣ್ಣು ಒಂದು ಗಳಿಗೆ ನಿಂತಿತು.

ನಾನು ಬಿಡಿಸಿ ಹೇಳಿದೆ. ಲಕ್ವ ಹೊಡೆದವರ ಬೆರಳಿಗೆ ಮತ್ತೆ ಕೆಲಸ ಕಲಿಸುವುದು ನನ್ನ ವೃತ್ತಿ. ರಬ್ಬರ್ ಚೆಂಡು ಹಿಸುಕಿ ಹಿಸುಕಿ ಬೇಸತ್ತವರ ಕೈಗೆ ಈ ಗಿಟಾರು ಕೊಡುತ್ತೇನೆ. ತಂತಿ ತೀರ ಕೆಳಗಿದ್ದರೆ ಸತ್ತಂತಿರುವ ಬೆರಳೂ ಅದನ್ನು ಮುಟ್ಟುತ್ತದೆ, ಜರ್ರ್ ಅನ್ನಿಸುತ್ತದೆ. ಆ ಸದ್ದು ಬಂದರೆ ಬೆರಳು ಕೆಲಸ ಮಾಡಿತು ಎಂದು ಅರ್ಥ.

"ನಮ್ಮಲ್ಲೊಬ್ರು ಟೈಲರ್ ತಾತ ಇದಾರೆ. ಶುಕ್ರವಾರ ಮೂರು ಬೆರಳು ಒತ್ತಿದ್ರು. ಇವತ್ತು ಒಂದೂ ಒತ್ತಕ್ಕಾಗ್ಲಿಲ್ಲ. ನಂಗೆ ಇನ್ನೊಂದ್ಸಲ ಲಕ್ವ ಹೊಡೀತು ಅಂತ ಅಳ್ತಾ ಕೂತಿದಾರೆ. ನೀವಿಲ್ಲಿ ಸ್ವರ ಸರಿ ಮಾಡ್ಕೊಂಡು ಕೂತಿದೀರಿ."

ಅರಳಿದ್ದ ಮುಖ ಪೂರ್ತಿ ಇಳಿದುಹೋಯಿತು. ಪಿಟೀಲಿನ ಅಂಟು ಒಣಗುತ್ತಿತ್ತು, ಅವನಿಗೆ ಅದರ ಪರಿವೆಯೂ ಇರಲಿಲ್ಲ. ಡ್ರಾಯರಿನಿಂದ ಒಂದು ಸಣ್ಣ ಅರ ತೆಗೆದು ಜೇಬಿಗೆ ಹಾಕಿಕೊಂಡ, ಅಂಗಡಿಯ ಬಾಗಿಲೆಳೆದ.

"ನಡೀರಿ" ಎಂದ.

ದಾರಿಯುದ್ದಕ್ಕೂ ಅವನು ಆಡಿದ್ದು ಒಂದೇ ಮಾತು, ಅದನ್ನೇ ಎರಡು ಸಲ: "ಅವರು ಅತ್ರಾ?"

ಚಿಕಿತ್ಸೆಯ ಕೋಣೆಯಲ್ಲಿ ಅವನು ತಾತನ ಮುಂದೆ ನೆಲದ ಮೇಲೆಯೇ ಕೂತ. "ತಪ್ಪು ನಂದು ತಾತ, ನಿಮ್ಮ ಕೈದಲ್ಲ" ಎಂದ. ಪಟ್ಟಿ ಕಿತ್ತ, ಉಜ್ಜಿದ, ಹಾಕಿದ, ತಾತನ ಬೆರಳಿಗೆ ತಂತಿ ಕೊಟ್ಟ. ಎಟುಕಲಿಲ್ಲ. ಮತ್ತೆ ಕಿತ್ತ, ಉಜ್ಜಿದ. ಐದನೆಯ ಸಲಕ್ಕೆ ಜರ್ರ್ ಎಂದಿತು.

"ಬಂತು" ಎಂದರು ತಾತ. ಆಮೇಲೆ ಅವನಿಗೆ ಪಾಠ ಹೇಳಿದರು: "ಹೊಲಿಯೋದು ಬಲಗೈ ಅಂತ ಎಲ್ರೂ ಅಂದ್ಕೊಂಡಿದಾರೆ ಮಗಾ. ಬಟ್ಟೆ ನಡೆಸೋದು ಎಡಗೈ. ಅದಿಲ್ದಿದ್ರೆ ಬಲಗೈ ಬರೀ ಸೂಜಿ ಚುಚ್ಚತ್ತೆ."

ಪ್ರತಿ ಜರ್ರಿಗೂ ರಿಪೇರಿಯವನ ಎಡಗಣ್ಣಿನ ರೆಪ್ಪೆ ಅದುರುತ್ತಿತ್ತು. ಪಾಪ, ಮುಚ್ಚಿಡಲು ನೋಡುತ್ತಿದ್ದ. ನನಗೆ ನಗು ತಡೆಯಲಾಗಲಿಲ್ಲ. ನಾನು ನಕ್ಕದ್ದನ್ನು ಅವನು ನೋಡಿದ.

"ಕಷ್ಟ ಆಗ್ತಿದೆಯಾ ಕೇಳಕ್ಕೆ?"

"ಇಲ್ಲಪ್ಪ. ಚೆನ್ನಾಗೇ ಇದೆ."

"ಸುಳ್ಳು."

"ಹೂಂ, ಸುಳ್ಳು" ಎಂದ, ಕಣ್ಣು ತೆಗೆಯದೆ.

ಅಂದಿನಿಂದ ಮಂಗಳವಾರ, ಶುಕ್ರವಾರ ಅವನು ಬರತೊಡಗಿದ. ಹೇಳುವುದಕ್ಕೆ ಗಿಟಾರು ನೋಡಿಕೊಂಡು ಹೋಗಲು. ವಾರಕ್ಕೆ ಎರಡು ಸಲ ನೋಡಿಕೊಂಡು ಹೋಗುವಂಥದ್ದು ಆ ಅಗ್ಗದ ಪ್ಲೈವುಡ್ ಗಿಟಾರಿನಲ್ಲಿ ಏನಿತ್ತೋ ದೇವರೇ ಬಲ್ಲ. ಅದರ ಬಣ್ಣ ಅಂಚಿನಲ್ಲೆಲ್ಲ ಎದ್ದುಹೋಗಿತ್ತು. ಗಾಲಿಕುರ್ಚಿಗೆ ಬಡಿದು, ನೆಲಕ್ಕೆ ಬಿದ್ದು, ಒಮ್ಮೆ ಯಾರೋ ಅದರ ಮೇಲೆ ಕೂತು, ಎಲ್ಲ ಆಗಿತ್ತು. ಅವನು ಅದನ್ನು ತೊಡೆಯ ಮೇಲಿಟ್ಟು, ಮರಕ್ಕೆ ಕಿವಿಯಾನಿಸಿ, ಕಣ್ಣು ಮುಚ್ಚಿ ಶ್ರುತಿ ಮಾಡುತ್ತಿದ್ದ. ನಡುವೆ ಒಂದೇ ಕಣ್ಣು ತೆರೆದು ನಾನು ಎಲ್ಲಿದ್ದೇನೆಂದು ನೋಡುತ್ತಿದ್ದ. ಸಿಕ್ಕಿಬಿದ್ದರೆ ಆ ಕಣ್ಣನ್ನೂ ಮುಚ್ಚಿಬಿಡುತ್ತಿದ್ದ.

ನಾನು ಅವನನ್ನು 'ರಿಪೇರಿ' ಎನ್ನುತ್ತಿದ್ದೆ. ಅವನು ನನ್ನನ್ನು 'ಜರ್ರ್ ಮೇಡಂ' ಎನ್ನುತ್ತಿದ್ದ.

"ರಿಪೇರಿಯವರೇ, ಇವತ್ತು ಏನು ಹಾಳು ಮಾಡಕ್ಕೆ ಬಂದ್ರಿ?"

"ಜರ್ರ್ ಮೇಡಂ, ಎರಡನೇ ತಂತಿ ಸ್ವಲ್ಪ ಚೆನ್ನಾಗಿ ಕೇಳಿಸ್ತಿದೆ. ಕೆಡಿಸ್ಲಾ?"

ಮಣಿಕಟ್ಟು ಮುರಿದುಕೊಂಡು ಬರುತ್ತಿದ್ದ ನಿವೃತ್ತ ಲೆಕ್ಕದ ಟೀಚರಮ್ಮ ಇದನ್ನೆಲ್ಲ ಕನ್ನಡಕದ ಮೇಲಿಂದ ನೋಡುತ್ತಿದ್ದರು. ಒಂದು ದಿನ ನಾನು ಬಿರಡೆ ಜಾರುತ್ತಿದ್ದ ಗಿಟಾರನ್ನು ಹಿಡಿದು ಬೇಸತ್ತು, "ಇದನ್ನ ಇಟ್ಕೊಳ್ಳೋದೋ ಬಿಡೋದೋ ಗೊತ್ತಾಗ್ತಿಲ್ಲ" ಎಂದೆ. ಟೀಚರಮ್ಮ ಮೆಲ್ಲಗೆ, "ಯಾರನ್ನ?" ಎಂದರು. ಅವನ ಕಿವಿ ಕೆಂಪಾದದ್ದನ್ನು ಕೋಣೆಯಲ್ಲಿದ್ದ ಎಲ್ಲರೂ ನೋಡಿದರು. ನನ್ನದು ಯಾವ ಬಣ್ಣವಾಗಿತ್ತೋ ನನಗೆ ತಿಳಿಯದು.

ಮನೆಗೆ ಹೋದರೂ ಆ ಕೆಂಪು ಕಿವಿ ಕಣ್ಣ ಮುಂದೆಯೇ ಇರುತ್ತಿತ್ತು. ಮಂಗಳವಾರಕ್ಕೂ ಶುಕ್ರವಾರಕ್ಕೂ ನಡುವೆ ಇಷ್ಟೊಂದು ದಿನಗಳನ್ನು ಯಾರು ತುರುಕಿದರು ಎಂದು ಸಿಟ್ಟು ಬರುತ್ತಿತ್ತು. ಒಂದು ಕಡೆ ಕೂರಲಾಗದು, ನಿಂತರೆ ನಿಲ್ಲಲಾಗದು. ಆದರೂ ಬಾಯಿ ಬಿಡಲಿಲ್ಲ.

ಬಾಯಿ ಬಿಡದಿರುವುದಕ್ಕೆ ನನ್ನ ಮನೆಯೂ ಒಂದು ಕಾರಣ. ನಾನು ದೊಡ್ಡ ಮಗಳು. ತಂಗಿಗೆ ಶೀತವಾದರೆ ಮನೆಯೆಲ್ಲ ಕೆಮ್ಮುತ್ತದೆ. ನನಗೆ ಜ್ವರ ಬಂದರೆ, ಮಾತ್ರೆ ತಗೊಂಡು ಹಾಗೇ ಗ್ಯಾಸ್ ಬುಕ್ ಮಾಡಿಬಿಡು ಎನ್ನುತ್ತಾರೆ. "ಚಿಕ್ಕವಳು ಸೂಕ್ಷ್ಮ, ದೊಡ್ಡವಳಿಗೇನೂ ಆಗಲ್ಲ" ಎನ್ನುವುದು ಅಮ್ಮನ ಮಾತು. ಎರಡು ವರ್ಷದ ಹಿಂದೆ, ನಿಶ್ಚಯವಾಗಿದ್ದ ನನ್ನ ಮದುವೆ ಮುರಿಯಿತು. ಆ ಮನುಷ್ಯ ಫೋನಿನಲ್ಲಿ ತಡವರಿಸಿದಾಗ ನಾನೇ "ಪರವಾಗಿಲ್ಲ" ಎಂದೆ. ಅಮ್ಮ ಚಿಕ್ಕಮ್ಮನಿಗೆ ಹೆಮ್ಮೆಯಿಂದ ಹೇಳುತ್ತಿದ್ದಳು: "ಅವಳಿಗೇನೂ ಆಗಿಲ್ಲ ಕಣೇ, ಮಾರನೇ ದಿನಾನೇ ಡ್ಯೂಟಿಗೆ ಹೋದ್ಲು." ಹೋದದ್ದು ನಿಜ. ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅರ್ಧ ಗಂಟೆ ನಿಂತು, ಆಮೇಲೆ ಹೋಗಿದ್ದೆ.

ಒಂದು ಮಂಗಳವಾರ ಹೊಸ ಗಿಟಾರು ಬಂತು. ಗುಣವಾಗಿ ಮನೆಗೆ ಹೋದವರೊಬ್ಬರ ಮಕ್ಕಳು ಪ್ರೀತಿಯಿಂದ ಕಳಿಸಿದ್ದು. ಕಪ್ಪು ಪೆಟ್ಟಿಗೆ, ಒಳಗೆ ಮಖಮಲ್ಲು, ಜೇನಿನ ಬಣ್ಣದ ಮರ. ವಿಭಾಗದ ಮುಖ್ಯಸ್ಥೆ ಕಪಾಟು ತೆರೆದು ನೋಡಿ, "ಜಾಗ ಇಲ್ಲ. ಹಳೇದನ್ನ ಬಿಸಾಕೋಣ್ವಾ?" ಎಂದರು. ಅವನು ಅಲ್ಲೇ ಇದ್ದದ್ದರಿಂದ ಅವನನ್ನೇ ಕೇಳಿದರು.

ಅವನು ಹೊಸದನ್ನು ತೆಗೆದುಕೊಂಡು ನುಡಿಸಿದ. ಅದುವರೆಗೆ ಅವನು ಶ್ರುತಿ ಮಾಡಿದ್ದನ್ನಷ್ಟೇ ಕೇಳಿದ್ದೆವು. ಟೀಚರಮ್ಮ ಕನ್ನಡಕ ತೆಗೆದರು. ತಾತನ ಎಡಗೈ ಬೆರಳುಗಳು ತೊಡೆಯ ಮೇಲೆ ತಾವಾಗಿಯೇ ಸಣ್ಣಗೆ ಅಲ್ಲಾಡಿದವು. ಇಂಥ ಕೈ ಇರುವವನು ಇಷ್ಟು ದಿನ ನಮ್ಮ ಜರ್ರ್ ಸಹಿಸಿಕೊಂಡು ಕೂತಿದ್ದನಲ್ಲ!

ನುಡಿಸಿ ಮುಗಿಸಿ ತೀರ್ಪು ಕೊಟ್ಟ: "ಎರಡೂ ಇಟ್ಕೊಳ್ಳಿ ಮೇಡಂ. ಹೊಸದನ್ನ ಜೋಪಾನ ಮಾಡಿ, ಇದು ಸೂಕ್ಷ್ಮ. ಹಳೇದು ದಿನಾ ಒರಟು ಬಳಕೆಗೆ ಇರ್ಲಿ. ಬಿದ್ರೂ ಬಡಿದ್ರೂ ಇದಕ್ಕೇನೂ ಆಗಲ್ಲ."

"ನಿಮಗೆ ಹೇಗೆ ಗೊತ್ತು?" ಎಂದೆ.

ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ಧ್ವನಿ ಅಷ್ಟು ಏರಿತ್ತೆಂದು ನನಗೆ ತಿಳಿದದ್ದು ಆಗಲೇ. "ಏನೂ ಆಗಲ್ಲ ಅಂತ ಹೇಗೆ ಹೇಳ್ತೀರಿ? ಒಳಗೆ ನೋಡಿದೀರಾ?" ಎಂದು ಸೇರಿಸಿ, ಕುಡಿಯುವ ನೀರಿನ ನೆಪದಲ್ಲಿ ಕಾರಿಡಾರಿಗೆ ಹೊರಟುಬಿಟ್ಟೆ. ಒಂದು ಪ್ಲೈವುಡ್ ಡಬ್ಬಕ್ಕಾಗಿ ಕಣ್ಣಲ್ಲಿ ನೀರು ತಂದುಕೊಂಡೆನಲ್ಲ ಎಂದು ನಾಚಿಕೆಯಾಯಿತು.

ಅವನು ಹಿಂದೆಯೇ ಬಂದ. ತಾನೂ ಒಂದು ಪೇಪರ್ ಕಪ್ಪಿನಲ್ಲಿ ನೀರು ಹಿಡಿದುಕೊಂಡ, ಕುಡಿಯಲಿಲ್ಲ.

"ಸಾರಿ. ಏನಂದೆನೋ ಗೊತ್ತಿಲ್ಲ, ಆದ್ರೂ ಸಾರಿ."

"ಬಿಡಿ. ಏನಿಲ್ಲ."

"ಒಂದು ವಿಷಯ ಹೇಳ್ಬೇಕಿತ್ತು. ನಂಗೆ ಕೆಲಸ ಕಲಿಸಿದ ಗುರುಗಳು ಬೇರೆ ಊರಲ್ಲಿದಾರೆ. ಕಣ್ಣು ಮಂಜಾಗಿದೆ. ಬಂದು ವರ್ಕ್‌ಶಾಪ್ ನೋಡ್ಕೋ ಅಂತಿದಾರೆ. ದೊಡ್ಡ ಜಾಗ, ಒಳ್ಳೊಳ್ಳೆ ವಾದ್ಯ ಬರತ್ತೆ. ಶನಿವಾರದೊಳಗೆ ಹೇಳ್ಬೇಕು." ಕಪ್ಪನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ. "ಮೂರು ವರ್ಷದಿಂದ ಕರೀತಿದಾರೆ. ಆಗೆಲ್ಲ ಹೋಗಕ್ಕೆ ಒಂದು ಕಾರಣ ಹುಡುಕ್ತಿದ್ದೆ. ಈಗ ಹೋಗ್ದೇ ಇರಕ್ಕೆ ಹುಡುಕ್ತಿದೀನಿ. ನೀವೇನಂತೀರಿ?"

ಇದಕ್ಕಿಂತ ಬಿಡಿಸಿ ಯಾರು ಕೇಳಿಯಾರು? ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆಯೂ ಅಲ್ಲ, ದೀಪವನ್ನು ನನ್ನ ಕೈಗೇ ಕೊಟ್ಟಿದ್ದ. ನಾನು ಉಫ್ ಎಂದು ಊದಿದೆ.

"ನಾನೇನನ್ಲಿ? ಒಳ್ಳೇ ಅವಕಾಶ, ಹೋಗಿ."

"ನಿಮಗೆ...?"

"ನನಗೇನು? ನಂಗೇನೂ ಆಗಲ್ಲ."

ಮೂವತ್ತಮೂರು ವರ್ಷದ ಅಭ್ಯಾಸ. ಬಾಯಿ ತಾನಾಗಿಯೇ ಆಡಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಎರಡೂ ಒಟ್ಟಿಗೆ ಹೋದದ್ದನ್ನು ನಾನು ನೀರಿನ ಯಂತ್ರದ ಪಕ್ಕ ನಿಂತು ನೋಡಿದೆ.

"ಸರಿ" ಎಂದ. ಕಪ್ಪಿನ ನೀರನ್ನು ಸಿಂಕಿಗೆ ಚೆಲ್ಲಿದ. "ಹಳೇ ಗಿಟಾರ್ ತಗೊಂಡು ಹೋಗ್ತೀನಿ. ನೀವು ಕೇಳಿದ್ರಲ್ಲ, ಒಳಗೆ ನೋಡ್ತೀನಿ."

ಬುಧವಾರ ಒಬ್ಬರ ಚೀಟಿಯಲ್ಲಿ ಎಡ ಭುಜದ ಬದಲು ಬಲ ಭುಜ ಎಂದು ಬರೆದೆ. ಗುರುವಾರ ಬಸ್ಸಿನಲ್ಲಿ ನನ್ನ ಸ್ಟಾಪು ದಾಟಿ ಎರಡು ಸ್ಟಾಪು ಮುಂದೆ ಹೋದೆ. ಫೋನ್ ಕೈಗೆತ್ತಿಕೊಳ್ಳುವುದು, ಅವನ ನಂಬರು ತೆಗೆಯುವುದು, ನೋಡುವುದು, ಇಡುವುದು. ಏನೆಂದು ಹೇಳಲಿ? ಬಿರಡೆ ಜಾರುತ್ತಿದೆ ಎನ್ನೋಣವೆಂದರೆ ಗಿಟಾರು ಅವನ ಬಳಿಯೇ ಇದೆ.

ಶುಕ್ರವಾರ ಅವನು ಬರಲಿಲ್ಲ. ಬಾಗಿಲು ಕಿರ್ರ್ ಎಂದಾಗಲೆಲ್ಲ ತಿರುಗಿದೆ. ಟೀಚರಮ್ಮ ಅಂದು ಏನೂ ತಮಾಷೆ ಮಾಡಲಿಲ್ಲ. ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು.

ಸಂಜೆ ಮನೆಯಲ್ಲಿ ಹಾಲಿನಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಹಾಲಿಗೆ ಓಡಾಡುತ್ತಿದ್ದೆ.

"ಏನಕ್ಕಾ, ಕಾಲು ಸುಟ್ಟ ಬೆಕ್ಕಿನ ಥರ ಸುತ್ತಾಡ್ತಿದೀಯ?" ಎಂದಳು ತಂಗಿ. "ಏನಾಯ್ತು?"

"ಏನಿಲ್ಲ."

"ಅವಳಿಗೇನಾಗತ್ತೆ" ಎಂದಳು ಅಮ್ಮ ಒಳಗಿನಿಂದ. "ನೀನು ಮೊದ್ಲು ತಲೆ ಒಣಗಿಸ್ಕೋ, ಶೀತ ಆಗತ್ತೆ."

ತಂಗಿ ಮಾತ್ರ ತಲೆ ಒರೆಸುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. ನಾನು ಬಾಲ್ಕನಿಗೆ ಹೋಗಿ ಒಣಗದ ಬಟ್ಟೆಯನ್ನೇ ತೆಗೆದು ಮಡಚತೊಡಗಿದೆ.

ಶನಿವಾರ ಡ್ಯೂಟಿ ಒಂದು ಗಂಟೆಯವರೆಗೆ. ಕೊನೆಯ ಸರದಿ ಟೈಲರ್ ತಾತನದು. ಅವರ ಎಡಗೈ ಬೆರಳುಗಳನ್ನು ಹಿಂದಕ್ಕೆ ಬಗ್ಗಿಸುತ್ತಿದ್ದೆ. ಮನಸ್ಸು ಎಲ್ಲಿತ್ತೋ, ಕೈ ತನ್ನ ಪಾಡಿಗೆ ತಾನು ಒತ್ತುತ್ತಲೇ ಇತ್ತು.

"ಡಾಕ್ಟ್ರಮ್ಮ, ನೋವು."

ನಾನು ಕೇಳಿಸಿಕೊಳ್ಳಲಿಲ್ಲ.

"ಡಾಕ್ಟ್ರಮ್ಮ" ಎಂದು ಅವರು ಬಲಗೈಯಿಂದ ನನ್ನ ಮಣಿಕಟ್ಟು ಹಿಡಿದರು. "ನೋವಾದ್ರೆ ಬಾಯಿಬಿಟ್ಟು ಹೇಳಿ, ಹೇಳ್ದೇ ಇದ್ರೆ ನಂಗೆ ಹೆಂಗೆ ಗೊತ್ತಾಗ್ಬೇಕು ಅಂತ ದಿನಾ ಬೈತೀರಿ. ಈಗ ಹೇಳಿದ್ರೆ ಕೇಳಿಸ್ಕೊಳ್ಳಲ್ಲ. ನೋವಾಗ್ತಿದೆ ತಾಯಿ, ಬಿಡಿ ಕೈನ."

ಬಿಟ್ಟೆ. ಕ್ಷಮೆ ಕೇಳಿದೆ. ಬಿಸಿನೀರಿನ ಚೀಲ ತಂದು ಅವರ ಕೈ ಮೇಲಿಟ್ಟೆ. ತಾತ ತಮ್ಮ ಕೈಯ ವಿಷಯ ಹೇಳಿದ್ದರು, ಅಷ್ಟೇ. ಆದರೆ ನನಗೆ ಕೋಟು ಬಿಚ್ಚುವಷ್ಟೂ ತಾಳ್ಮೆ ಉಳಿಯಲಿಲ್ಲ. ಹತ್ತು ನಿಮಿಷದ ದಾರಿಯನ್ನು ಆರೇ ನಿಮಿಷದಲ್ಲಿ ನಡೆದೆ.

ಅಂಗಡಿಯ ಗೋಡೆ ಬರಿದಾಗಿತ್ತು. ಉಳಿಗಳು, ಅರಗಳು, ಬ್ರಷ್ಷುಗಳು ಬಟ್ಟೆ ಸುತ್ತಿಕೊಂಡು ಒಂದು ಪೆಟ್ಟಿಗೆಯಲ್ಲಿ ಮಲಗಿದ್ದವು. ಮೇಜಿನ ಮೇಲೆ ನಮ್ಮ ಹಳೆಯ ಗಿಟಾರೊಂದೇ. ಅದರ ಹೊಟ್ಟೆಯೊಳಗೆ ಸಣ್ಣ ಬಲ್ಬು ಇಳಿಬಿಟ್ಟಿದ್ದ.

ನನ್ನನ್ನು ನೋಡಿ ಅವನು ಎದ್ದುನಿಂತ. ಮುಖ ಸೋತಿತ್ತು. "ಬಂದ್ರಾ? ನಾನೇ ಕೊಟ್ಟು ಕಳಿಸೋಣ ಅಂತಿದ್ದೆ. ಇಲ್ಲಿ ನೋಡಿ."

ಹಲ್ಲಿನ ಡಾಕ್ಟರು ಬಳಸುವಂಥ ಪುಟ್ಟ ಕನ್ನಡಿಯನ್ನು ತಂತಿಗಳ ನಡುವೆ ಇಳಿಸಿ ಹಿಡಿದ. ನಾನು ಬಗ್ಗಿದೆ. ಅವನ ಉಸಿರು ನನ್ನ ಕಿವಿಯ ಹತ್ತಿರವಿತ್ತು. ಕನ್ನಡಿಯಲ್ಲಿ ಕಂಡದ್ದು ಬೆಳಕು, ಧೂಳು, ಮರದ ಸಣ್ಣ ಪಟ್ಟಿಗಳು, ಅವುಗಳ ಅಂಚಿನಲ್ಲಿ ಹೊಸ ಅಂಟಿನ ಗೆರೆ.

"ಒಳಗಿನ ಮೂರು ಪಟ್ಟಿ ಪೂರ್ತಿ ಬಿಟ್ಕೊಂಡಿದ್ವು. ಹೊರಗಿಂದ ಒಂಚೂರೂ ಗೊತ್ತಾಗ್ತಿರ್ಲಿಲ್ಲ. ನಾನು ತಪ್ಪು ಹೇಳಿದ್ದೆ ಅವತ್ತು. ಇದಕ್ಕೂ ಆಗತ್ತೆ." ಕನ್ನಡಿ ತೆಗೆದ. "ಅಂಟಿಸಿದೀನಿ. ಇಟ್ಕೊಳ್ಳಿ, ದಿನಾ ಬಳಸಿ, ಬಿಸಾಕೋದು ಬೇಡ. ಆದ್ರೆ ತಿಂಗಳಿಗೊಂದ್ಸಲ ಯಾರಾದ್ರೂ ಒಳಗೆ ನೋಡ್ಬೇಕು. ಪಕ್ಕದ ರಸ್ತೇಲಿ ಇನ್ನೊಬ್ರು ಇದಾರೆ, ಅವರ ನಂಬರ್ ಬರ್ದುಕೊಡ್ತೀನಿ."

"ಅವರು ಯಾಕೆ? ನೀವು?"

"ನಾನು ಒಪ್ಕೊಂಡೆ. ಗುರುವಾರಾನೇ ಫೋನ್ ಮಾಡಿ ಹೇಳ್ದೆ. ಸೋಮವಾರ ಬೆಳಿಗ್ಗೆ ಹೊರಡ್ತೀನಿ."

ಒಳ್ಳೇದಾಯ್ತು ಎನ್ನಲು ತುಟಿ ಆಗಲೇ ಸಿದ್ಧವಾಗಿತ್ತು. ಆಮೇಲೆ ಒಂದು ನಗು ನಕ್ಕು, ಗಿಟಾರು ಎತ್ತಿಕೊಂಡು, ನಂಬರಿನ ಚೀಟಿ ಜೇಬಿಗೆ ಹಾಕಿಕೊಂಡು ಬಂದುಬಿಡಬಹುದಿತ್ತು. ಸೋಮವಾರ ಡ್ಯೂಟಿಗೂ ಹೋಗುತ್ತಿದ್ದೆ. ಎಲ್ಲರೂ ಮೆಚ್ಚುತ್ತಿದ್ದರು.

"ನೋವಾಗ್ತಿದೆ" ಎಂದೆ.

ಅವನು ಗಾಬರಿಯಾದ. "ಎಲ್ಲಿ? ಕೈ ತಾಗಿತಾ?"

"ಕೈಯಲ್ಲ." ಮೇಜಿನ ಅಂಚು ಹಿಡಿದುಕೊಂಡೆ. "ಮಂಗಳವಾರ ನಾನು ಸುಳ್ಳು ಹೇಳ್ದೆ. ನಂಗೆ ಆಗತ್ತೆ. ನೀವು ಹೋದ್ರೆ ನಂಗೆ ತುಂಬಾ ಆಗತ್ತೆ. ಬುಧವಾರದಿಂದ ಆಗ್ತಾನೇ ಇದೆ, ಒಂದು ಕಡೆ ಕೂತಿಲ್ಲ ನಾನು, ನೆಟ್ಟಗೆ ಊಟ ಮಾಡಿಲ್ಲ, ಪಾಪ ಆ ತಾತನ ಕೈ ತಿರುಚಿ ಬಂದಿದೀನಿ. ದೊಡ್ಡ ಕೆಲಸ, ಗುರುಗಳು, ಕಣ್ಣು ಮಂಜು, ಎಲ್ಲಾ ಗೊತ್ತು ನಂಗೆ. ಸ್ವಾರ್ಥ ಅಂದ್ರೂ ಅನ್ನಿ. ಹೋಗ್ಬೇಡಿ."

ಹೋಗಬೇಡಿ ಎಂದು ನಾನು ಜೀವಮಾನದಲ್ಲಿ ಯಾರಿಗೂ ಹೇಳಿದವಳಲ್ಲ. ಅವನು ಕನ್ನಡಿಯನ್ನು ಮೇಜಿನ ಮೇಲಿಟ್ಟ. ಹೊರಗೆ ಯಾವುದೋ ಗಾಡಿ ಹಾರ್ನ್ ಹೊಡೆಯುತ್ತಲೇ ಇತ್ತು.

"ಹತ್ತಕ್ಕೆ ಎಷ್ಟು?" ಎಂದ ಕೊನೆಗೆ.

"ಏನು?"

"ನೋವು. ನಿಮ್ಮ ಗೋಡೆ ಮೇಲೆ ಚಾರ್ಟ್ ಹಾಕಿದೀರಲ್ಲ, ನಗೋ ಮುಖದಿಂದ ಅಳೋ ಮುಖದ ತನಕ. ಹತ್ತಕ್ಕೆ ಎಷ್ಟಾಗ್ತಿದೆ?"

"ಒಂಬತ್ತು."

"ಹತ್ತಲ್ವಾ?"

"ನೀವಿನ್ನೂ ಹೋಗಿಲ್ವಲ್ಲ."

ಅವನು ನಗಲು ಹೊರಟ, ಅದು ಅರ್ಧದಲ್ಲೇ ಬೇರೆ ಏನೋ ಆಯಿತು. ಬೆನ್ನು ತಿರುಗಿಸಿ ಕಣ್ಣು ಒರೆಸಿಕೊಂಡ. ಮತ್ತೆ ನನ್ನ ಕಡೆ ತಿರುಗಿದಾಗ ಕೈಯಲ್ಲಿ ಫೋನಿತ್ತು.

"ಗುರುಗಳೇ, ನಾನು. ಹೂಂ, ಎಲ್ಲಾ ಕಟ್ಟಿಟ್ಟಿದ್ದೆ. ಗುರುಗಳೇ, ನಂಗೆ ಬರಕ್ಕಾಗಲ್ಲ." ಆ ಕಡೆಯಿಂದ ಜೋರು ದನಿ ನನಗೂ ಕೇಳಿಸುತ್ತಿತ್ತು. "ಗೊತ್ತು, ಮಾತು ಕೊಟ್ಟು ತಪ್ತಿದೀನಿ. ಬೈರಿ. ಪಿಟೀಲು ಕೆಲಸಕ್ಕೆ ನನ್ನ ಜೊತೆ ಕಲಿತವನನ್ನ ನಾಳೆನೇ ಕಳಿಸ್ತೀನಿ, ನನಗಿಂತ ಚೆನ್ನಾಗಿ ಮಾಡ್ತಾನೆ. ಇಲ್ಲ, ಹುಷಾರಾಗಿದೀನಿ. ಇಲ್ಲ, ಬೇರೆ ಕೆಲಸ ಸಿಕ್ಕಿಲ್ಲ."

ಅವನು ನನ್ನನ್ನು ನೋಡಿದ. ಈ ಸಲ ಎರಡೂ ಕಣ್ಣು ತೆರೆದಿದ್ದವು.

"ಇಲ್ಲೊಬ್ಬಳಿಗೆ ನೋವಾಗತ್ತಂತೆ, ಗುರುಗಳೇ."

ಒಬ್ಬರಿಗೆ ಎನ್ನಲಿಲ್ಲ. ಒಬ್ಬಳಿಗೆ ಎಂದ. ಆ ಕಡೆ ಬೈಗುಳ ನಿಂತಿತು. ಆಮೇಲೆ ಮುದುಕರು ಏನೋ ಮೆಲ್ಲಗೆ ಕೇಳಿದರು. ಅವನು ಫೋನನ್ನು ಎದೆಗೊತ್ತಿಕೊಂಡ.

"ವಾಸಿಯಾಗಕ್ಕೆ ಎಷ್ಟು ದಿನ ಬೇಕು, ಆಮೇಲಾದ್ರೂ ಬರ್ತೀಯಾ ಅಂತ ಕೇಳ್ತಿದಾರೆ. ಏನು ಹೇಳ್ಲಿ?"

ನಾನು ಬಿಳಿ ಕೋಟಿನ ತೋಳಿನಿಂದ ಮೂಗು ಒರೆಸಿಕೊಂಡೆ.

"ವಾಸಿಯಾಗೋ ಥರ ಕಾಣ್ತಿಲ್ಲ ಅಂತ ಹೇಳು" ಎಂದೆ.